ಹಳೆಯ ಎಸ್‌ಎಲ್‌ಆರ್‌ಗೆ ಮೊದಲು ಬೆಳಕು ಕೊಡಿ

2008ರ ಆಗಸ್ಟ್‌ನಲ್ಲಿ ನಿಕಾನ್ ಕಂಪನಿ ಡಿ90 ಎಂಬ ಕ್ಯಾಮೆರಾವನ್ನು ಪ್ರಕಟಿಸಿತು. ವಿಡಿಯೊ ತೆಗೆಯಬಲ್ಲ ಮೊದಲ ಡಿಜಿಟಲ್ ಎಸ್‌ಎಲ್‌ಆರ್ ಅದು. ಅದರ ಹಿಂದೆಯೇ ನಿಕಾನ್‌ನ ಡಿ3100, ಡಿ5100, ಕ್ಯಾನನ್‌ನ 550ಡಿ, 600ಡಿ, 1100ಡಿ ಬಂದವು. ಊರಿನ ಸ್ಟುಡಿಯೊಗಳಿಗೆ, ಮೊದಲ ಸಂಬಳ ಕಂಡ ಯುವಕರ ಬೆನ್ನಚೀಲಗಳಿಗೆ, ಹಕ್ಕಿ ನೋಡುವ ಹವ್ಯಾಸಿಗಳ ಕೈಗೆ ಇವು ಸೇರಿಕೊಂಡವು. ಇವತ್ತು ಇವುಗಳಲ್ಲಿ ಬಹಳಷ್ಟು ಬೀರುವಿನೊಳಗೆ ಕೂತಿವೆ. ಶಟರ್ ಕೆಲಸ ಮಾಡುತ್ತದೆ, ಬ್ಯಾಟರಿ ಸಿಗುತ್ತದೆ, ಬಟನ್‌ಗಳು ಸರಿಯಾಗಿವೆ. ಆದರೂ ಒಡೆಯನಿಗೆ ಚಿತ್ರ ಹಿಡಿಸುತ್ತಿಲ್ಲ. ಇದಕ್ಕೊಂದು ಹೊಸ ಲೆನ್ಸ್ ಹಾಕಿದರೆ ಹೇಗೆ ಎಂಬ ಯೋಚನೆ ಬರುವುದು ಆಗಲೇ. ಯೋಚನೆ ಸರಿಯಾದದ್ದು. ಆದರೆ ಅಂಗಡಿಗೆ ಹೋದವರು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ: ‘ಯಾವುದು ಹೆಚ್ಚು ಶಾರ್ಪ್?’, ‘ಯಾವುದು ಹೆಚ್ಚು ದೂರ ಹೋಗುತ್ತದೆ?’ ಹಳೆಯ ಕ್ಯಾಮೆರಾದ ಮಟ್ಟಿಗೆ ಈ ಎರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಲೆನ್ಸ್ ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ? ಹತ್ತು ಹದಿನೈದು ವರ್ಷ ಹಳೆಯ ಸೆನ್ಸರ್‌ನ ನಿಜವಾದ ಬಡತನ ಬೆಳಕಿನದು. ಆ ಬಡತನವನ್ನು ನೀಗಿಸುವ ಶಕ್ತಿ ಇರುವುದು ಲೆನ್ಸಿಗೆ. ಹಾಗಾಗಿ ಕೈಯಲ್ಲಿರುವ ಹಣದ ಮೊದಲ ಪಾಲು ದೊಡ್ಡ ಅಪರ್ಚರ್‌ಗೆ ಹೋಗಬೇಕು ಎಂಬುದು ಈ ಲೇಖನದ ವಾದ. ವಾದಕ್ಕೆ ಆಧಾರಗಳಿವೆ, ಎದುರು ಮಾತುಗಳೂ ಇವೆ. ಎರಡನ್ನೂ ನೋಡೋಣ.

ಶಾರ್ಪ್‌ನೆಸ್‌ನ ಹಿಂದೆ ಓಡುವ ಮುನ್ನ

ಮೊದಲು ಸ್ಪಷ್ಟತೆಯ ಮಾತು. ಡಿ90ರ ಚಿತ್ರದಲ್ಲಿ ಅಡ್ಡಕ್ಕೆ 4288, ಉದ್ದಕ್ಕೆ 2848 ಪಿಕ್ಸೆಲ್‌ಗಳಿವೆ. ಒಟ್ಟು ಸುಮಾರು 12 ಮೆಗಾಪಿಕ್ಸೆಲ್. ಅದನ್ನು ಎ4 ಹಾಳೆಯ ಮೇಲೆ ಅಚ್ಚು ಹಾಕಿದರೆ ಇಂಚಿಗೆ 360ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಒಳ್ಳೆಯ ಮುದ್ರಣಕ್ಕೆ 300 ಸಾಕು ಎಂಬುದು ಮುದ್ರಕರ ರೂಢಿ. ಮನೆಯ 4ಕೆ ಟಿವಿಯ ಪರದೆ ತೋರಿಸಬಲ್ಲದ್ದು 8.3 ಮೆಗಾಪಿಕ್ಸೆಲ್ ಮಾತ್ರ. ಅಂದರೆ ಹೆಚ್ಚಿನವರು ಚಿತ್ರ ನೋಡುವ ಜಾಗಗಳಲ್ಲೆಲ್ಲ ಹಳೆಯ ಸೆನ್ಸರ್ ಕೊಡುವ ವಿವರ ಈಗಲೂ ಮಿಕ್ಕುವಷ್ಟಿದೆ. 12ರಿಂದ 24 ಮೆಗಾಪಿಕ್ಸೆಲ್‌ಗೆ ಹೋದರೆ ವಿವರ ಇಮ್ಮಡಿಯಾಗುತ್ತದೆ ಎಂಬ ನಂಬಿಕೆಯೂ ಅರ್ಧಸತ್ಯ. ಅಗಲ ಹೆಚ್ಚುವುದು 4288ರಿಂದ 6000ಕ್ಕೆ, ಅಂದರೆ 1.4 ಪಟ್ಟು. ಹೀಗಿರುವಾಗ ಲೆನ್ಸಿನ ಸ್ಪಷ್ಟತೆಗೆಂದು ಸುರಿಯುವ ಹಣದ ದೊಡ್ಡ ಭಾಗವನ್ನು ಈ ಸೆನ್ಸರ್ ದಾಖಲಿಸಿಕೊಳ್ಳುವುದೇ ಇಲ್ಲ. ಅದಕ್ಕೊಂದು ತಾಂತ್ರಿಕ ಕಾರಣವೂ ಇದೆ. ಆ ಕಾಲದ ಬಹುತೇಕ ಸೆನ್ಸರ್‌ಗಳ ಮುಂದೆ, ಬಟ್ಟೆಯ ನೇಯ್ಗೆಯಂಥ ಸೂಕ್ಷ್ಮ ವಿನ್ಯಾಸಗಳಲ್ಲಿ ಸುಳ್ಳು ಅಲೆಗಳು ಮೂಡದಿರಲೆಂದು, ಅತಿ ಸಣ್ಣ ವಿವರಗಳನ್ನು ಬೇಕೆಂದೇ ಸ್ವಲ್ಪ ಮಸುಕು ಮಾಡುವ ಫಿಲ್ಟರ್ ಇರುತ್ತಿತ್ತು. ಡಿ90ರಲ್ಲಿಯೂ ಅದಿದೆ. 2013ರ ಡಿ7100ರ ಹೊತ್ತಿಗೆ ನಿಕಾನ್ ಅದನ್ನು ಕೈಬಿಟ್ಟಿತು.

ಕಿಟ್ ಲೆನ್ಸ್ ಎಂದು ಮೂಗು ಮುರಿಯುವ 18–55 ಅಥವಾ 18–105 ಮಿ.ಮೀ. ಜೂಮ್‌ಗಳನ್ನು ಎಫ್/8ಕ್ಕೆ ಇಟ್ಟು, ಹಗಲಿನಲ್ಲಿ, ಕೈ ಅಲುಗದಂತೆ ತೆಗೆದರೆ 12 ಮೆಗಾಪಿಕ್ಸೆಲ್ ಸೆನ್ಸರ್‌ಗೆ ಬೇಕಾದ ವಿವರವನ್ನು ಚಿತ್ರದ ನಡುಭಾಗದಲ್ಲಿ ಅವು ಚೆನ್ನಾಗಿಯೇ ಕೊಡುತ್ತವೆ. ಅಪರ್ಚರ್ ಇನ್ನೂ ಕಿರಿದಾದರೆ ಎಷ್ಟೇ ದುಬಾರಿ ಲೆನ್ಸ್ ಆದರೂ ಭೌತಶಾಸ್ತ್ರದ ನಿಯಮಕ್ಕೆ ತಲೆಬಾಗಲೇಬೇಕು. ಕಿರಿದಾದ ರಂಧ್ರದ ಮೂಲಕ ಹಾಯುವ ಬೆಳಕು ಹರಡಿಕೊಳ್ಳುತ್ತದೆ. ಎಫ್/8ರಲ್ಲಿ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 11 ಮೈಕ್ರಾನ್ ಅಗಲದ ಬಿಲ್ಲೆಯಾಗಿ, ಎಫ್/11ರಲ್ಲಿ ಸುಮಾರು 15 ಮೈಕ್ರಾನ್ ಬಿಲ್ಲೆಯಾಗಿ ಬೀಳುತ್ತದೆ. ಡಿ90ರ ಒಂದು ಪಿಕ್ಸೆಲ್‌ನ ಅಗಲ 5.5 ಮೈಕ್ರಾನ್. ಹಾಗಾಗಿ ಎಫ್/11ರಿಂದಾಚೆಗೆ ಅಗ್ಗದ ಲೆನ್ಸ್, ದುಬಾರಿ ಲೆನ್ಸ್ ಎಂಬ ಭೇದ ಬಹಳಮಟ್ಟಿಗೆ ಅಳಿಸಿಹೋಗುತ್ತದೆ. ನಡುಹಗಲಲ್ಲಿ ಬೆಟ್ಟ, ಕೆರೆ, ಗದ್ದೆಗಳ ಚಿತ್ರ ತೆಗೆಯುವುದಷ್ಟೇ ಆಸಕ್ತಿಯಾದರೆ ಕಿಟ್ ಲೆನ್ಸನ್ನು ಬದಲಿಸುವ ಅಗತ್ಯವೇ ಇಲ್ಲ. ಆ ಹಣ ಒಂದು ಗಟ್ಟಿ ಟ್ರೈಪಾಡ್‌ಗೆ ಹೋಗಲಿ, ಚಿತ್ರ ಹೆಚ್ಚು ಸುಧಾರಿಸುತ್ತದೆ.

ಬೆಳಕಿನ ಲೆಕ್ಕ

ಹಾಗಾದರೆ ಚಿತ್ರ ಕೆಡುವುದೆಲ್ಲಿ? ಸಂಜೆ ದೀಪ ಹಚ್ಚಿದ ಮೇಲಿನ ನಡುಮನೆಯಲ್ಲಿ, ಕಲ್ಯಾಣಮಂಟಪದ ಮೂಲೆಯಲ್ಲಿ, ರಾತ್ರಿಯ ಯಕ್ಷಗಾನದ ರಂಗಸ್ಥಳದಲ್ಲಿ, ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಂಥ ಕತ್ತಲೊಳಗೆ. ಅಲ್ಲಿ 18–55 ಲೆನ್ಸನ್ನು 55ಕ್ಕೆ ಎಳೆದರೆ ಅದರ ಅಪರ್ಚರ್ ಎಫ್/5.6ಕ್ಕಿಂತ ಹಿಗ್ಗುವುದಿಲ್ಲ. 50 ಮಿ.ಮೀ. ಎಫ್/1.8 ಲೆನ್ಸ್ ಅದೇ ಜಾಗದಲ್ಲಿ ಎಷ್ಟು ಬೆಳಕು ಬಿಡುತ್ತದೆ? ಎಫ್ ಸಂಖ್ಯೆಗಳ ಅನುಪಾತದ ವರ್ಗ ತೆಗೆದರೆ ಉತ್ತರ ಸಿಗುತ್ತದೆ: ಸುಮಾರು 9.7 ಪಟ್ಟು. ಛಾಯಾಗ್ರಾಹಕರ ಮಾತಿನಲ್ಲಿ ಇದು ಮೂರು ಸ್ಟಾಪ್‌ಗಿಂತ ಹೆಚ್ಚು. ಇದನ್ನು ರಂಗಸ್ಥಳಕ್ಕೆ ಅನ್ವಯಿಸಿ ನೋಡಿ. ಕಿಟ್ ಲೆನ್ಸಿನಲ್ಲಿ ಐಎಸ್‌ಒ 3200 ಇಟ್ಟಾಗ ಶಟರ್ ವೇಗ ಸೆಕೆಂಡಿನ 1/50 ಭಾಗಕ್ಕೆ ನಿಂತಿತು ಎನ್ನಿ. ವೇಷ ಒಂದು ಸುತ್ತು ತಿರುಗಿದರೆ ಕಿರೀಟದಿಂದ ಗೆಜ್ಜೆಯವರೆಗೆ ಎಲ್ಲವೂ ಕಲಸಿಹೋಗುವ ವೇಗ ಅದು. ಎಫ್/1.8ರಲ್ಲಿ ಅದೇ ಐಎಸ್‌ಒಗೆ 1/500 ಸಿಗುತ್ತದೆ. ಅಷ್ಟು ವೇಗ ಬೇಡವೆಂದರೆ ಐಎಸ್‌ಒವನ್ನು 1600ಕ್ಕೆ ಇಳಿಸಿ 1/250ರಲ್ಲಿ ತೆಗೆಯಬಹುದು. ಕುಣಿತವೂ ನಿಲ್ಲುತ್ತದೆ, ಚಿತ್ರವೂ ಶುದ್ಧವಾಗುತ್ತದೆ. ಡಿ90ರ ಸಾಮಾನ್ಯ ಐಎಸ್‌ಒ ವ್ಯಾಪ್ತಿ ಮುಗಿಯುವುದೇ 3200ಕ್ಕೆ. ಅಂಚಿನಲ್ಲಿ ಏದುಸಿರು ಬಿಡುತ್ತಿದ್ದ ಸೆನ್ಸರ್ ತನಗೆ ಒಗ್ಗುವ ಜಾಗಕ್ಕೆ ಮರಳುವುದು ಲೆನ್ಸ್ ಬದಲಾದಾಗ.

ಇಷ್ಟೊಂದು ವ್ಯತ್ಯಾಸವಾಗುವುದು ಏಕೆಂದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಬೆಳಕು ಕಣಗಳಾಗಿ ಬಂದು ಬೀಳುತ್ತದೆ, ಮಳೆಹನಿಗಳು ಅಂಗಳದಲ್ಲಿಟ್ಟ ಪಾತ್ರೆಗಳಿಗೆ ಬೀಳುವ ಹಾಗೆ. ಜೋರು ಮಳೆಯಲ್ಲಿ ಒಂದೇ ಅಳತೆಯ ಪಾತ್ರೆಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ತುಂಬುತ್ತವೆ; ತುಂತುರು ಹನಿಯುವಾಗ ಒಂದರಲ್ಲಿ ನಾಲ್ಕು ಹನಿ, ಪಕ್ಕದ್ದರಲ್ಲಿ ಒಂಬತ್ತು ಹನಿ ಇರುತ್ತದೆ. ಕತ್ತಲ ಚಿತ್ರದಲ್ಲಿ ಕಾಣುವ ಗರಗರ ಕಣಗಳಲ್ಲಿ ದೊಡ್ಡ ಪಾಲು ಈ ಏರುಪೇರಿನದು. ಐಎಸ್‌ಒ ಹೆಚ್ಚಿಸಿದರೆ ಹೆಚ್ಚು ಬೆಳಕು ಬರುವುದಿಲ್ಲ, ಬಂದಷ್ಟು ಬೆಳಕಿನ ಸಂಕೇತ ಏರುಪೇರುಗಳ ಸಮೇತ ಹಿಗ್ಗುತ್ತದೆ ಅಷ್ಟೆ. ಹತ್ತು ಪಟ್ಟು ಬೆಳಕು ಬಂದರೆ ಸಂಕೇತ ಮತ್ತು ಏರುಪೇರುಗಳ ನಡುವಿನ ಅನುಪಾತ ಮೂರು ಪಟ್ಟಿಗಿಂತ ಹೆಚ್ಚು ಸುಧಾರಿಸುತ್ತದೆ. ಕಂಪ್ಯೂಟರಿನಲ್ಲಿ ಆಮೇಲೆ ಮಾಡುವ ನಾಯ್ಸ್ ಶುದ್ಧೀಕರಣ ಉಪಯುಕ್ತವೇ. ಆದರೆ ಅದು ಇಲ್ಲದ ವಿವರವನ್ನು ಊಹಿಸುತ್ತದೆ. ದೊಡ್ಡ ಅಪರ್ಚರ್ ವಿವರವನ್ನೇ ಒಳಗೆ ತರುತ್ತದೆ.

ಇಲ್ಲಿ ಒಬ್ಬರು ಕೇಳಬಹುದು: ‘ನನ್ನ ಕಿಟ್ ಲೆನ್ಸಿನಲ್ಲಿ ವಿಆರ್ ಇದೆ, ಐಎಸ್ ಇದೆ, ಮೂರು ನಾಲ್ಕು ಸ್ಟಾಪ್ ಉಳಿತಾಯ ಎಂದು ಡಬ್ಬಿಯ ಮೇಲೆಯೇ ಬರೆದಿದೆಯಲ್ಲ?’ ಬರೆದಿರುವುದು ಸುಳ್ಳಲ್ಲ. ಆದರೆ ಆ ಉಳಿತಾಯ ನಮ್ಮ ಕೈಯ ನಡುಕಕ್ಕೆ ಸಂಬಂಧಿಸಿದ್ದು. ಎದುರಿಗಿರುವವರ ಚಲನೆಯನ್ನು ಅದು ತಡೆಯಲಾರದು. ನವರಂಗದ ಕಡೆದ ಕಂಬವನ್ನು 1/10 ಸೆಕೆಂಡಿನಲ್ಲಿ ತೆಗೆಯಲು ವಿಆರ್ ನೆರವಾಗುತ್ತದೆ. ಮಗು ಓಡಿದರೆ, ಮದುಮಗಳು ನಕ್ಕು ತಲೆ ತಿರುಗಿಸಿದರೆ ಕೈಚೆಲ್ಲುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಎಫ್/1.8ರಲ್ಲಿ ಫೋಕಸ್‌ನ ಆಳ ತೀರ ಕಡಿಮೆ, ಒಂದು ಕಣ್ಣು ಸ್ಪಷ್ಟವಾದರೆ ಇನ್ನೊಂದು ಮಸುಕು. ನಿಜ, ಆದರೆ ಅದು ದೂರವನ್ನು ಅವಲಂಬಿಸಿದೆ. 50 ಮಿ.ಮೀ. ಲೆನ್ಸಿನಲ್ಲಿ ಎರಡು ಮೀಟರ್ ದೂರದ ಮುಖಕ್ಕೆ ಸಿಗುವ ಆಳ ಸುಮಾರು 11 ಸೆಂಟಿಮೀಟರ್, ಐದು ಮೀಟರ್ ದೂರದ ವೇಷಧಾರಿಗೆ ಸುಮಾರು 70 ಸೆಂಟಿಮೀಟರ್. ಒಬ್ಬ ಕಲಾವಿದನ ಮುಖ, ಎದೆಪದಕ, ಕೈಗಳು ಅದರೊಳಗೆ ಬರುತ್ತವೆ. ಹತ್ತಿರದ ಗುಂಪುಚಿತ್ರಕ್ಕೆ ಎಫ್/2.8 ಅಥವಾ ಎಫ್/4ಕ್ಕೆ ಇಳಿಸಿಕೊಂಡರಾಯಿತು. ಎಫ್/2.8ಕ್ಕೆ ಇಳಿಸಿದರೂ ಕಿಟ್ ಲೆನ್ಸಿನ ನಾಲ್ಕು ಪಟ್ಟು ಬೆಳಕು ಉಳಿದೇ ಇರುತ್ತದೆ. ಇಳಿಸಿಕೊಳ್ಳುವ ಸ್ವಾತಂತ್ರ್ಯ ದೊಡ್ಡ ಅಪರ್ಚರ್‌ನ ಲೆನ್ಸಿಗೆ ಮಾತ್ರ ಇರುವುದು.

ಫೋನ್ ಇದೆಯಲ್ಲ, ಹೊಸ ಬಾಡಿ ಇದೆಯಲ್ಲ?

ಹಳೆಯ ಎಸ್‌ಎಲ್‌ಆರ್‌ಗಿಂತ ಫೋನೇ ಒಳ್ಳೆಯ ಚಿತ್ರ ಕೊಡುತ್ತದೆ ಎಂದು ಹೇಳುವವರನ್ನು ತಳ್ಳಿಹಾಕುವಂತಿಲ್ಲ. ಅವರ ಅನುಭವಕ್ಕೆ ಗಣಿತದ ಬೆಂಬಲವಿದೆ. ಇಂದಿನ ಮೇಲುದರ್ಜೆಯ ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಸುಮಾರು 70 ಚದರ ಮಿ.ಮೀ. ಇದೆ, ಲೆನ್ಸ್ ಎಫ್/1.8ರ ಆಸುಪಾಸಿನದು ಎಂದು ಇಟ್ಟುಕೊಳ್ಳಿ. ಡಿ90ರ ಸೆನ್ಸರ್ ಸುಮಾರು 373 ಚದರ ಮಿ.ಮೀ., ಐದು ಪಟ್ಟಿಗಿಂತ ದೊಡ್ಡದು. ಆದರೂ ಅದಕ್ಕೆ ಎಫ್/5.6ರ ಲೆನ್ಸ್ ಸಿಕ್ಕಿಸಿದರೆ ಒಟ್ಟು ಸಂಗ್ರಹವಾಗುವ ಬೆಳಕು ಫೋನಿನ ಅರ್ಧದಷ್ಟೇ. ಅದರ ಮೇಲೆ ಫೋನು ಹಲವು ಫ್ರೇಮ್‌ಗಳನ್ನು ಒಟ್ಟುಗೂಡಿಸಿ ಚಿತ್ರವನ್ನು ನಯಗೊಳಿಸುತ್ತದೆ. ಕಿಟ್ ಲೆನ್ಸಿನ ಎಸ್‌ಎಲ್‌ಆರ್ ರಾತ್ರಿ ಹೊತ್ತು ಫೋನಿಗೆ ಸೋಲುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಡಿ90ಗೆ ಎಫ್/1.8 ಲೆನ್ಸ್ ಹಾಕಿ ಲೆಕ್ಕ ಮಾಡಿ: ಈಗ ಅದು ಫೋನಿನ ಐದು ಪಟ್ಟು ಬೆಳಕು ಹಿಡಿಯುತ್ತದೆ. ಫ್ರೇಮ್ ಮೇಲೆ ಫ್ರೇಮ್ ಜೋಡಿಸುವ ಉಪಾಯ ನಿಂತ ವಸ್ತುವಿಗೆ ಚೆನ್ನ, ಕುಣಿಯುವ ಕಾಲಿಗೆ ಅಷ್ಟಾಗಿ ಒದಗುವುದಿಲ್ಲ. ಸೋಲಿಗೆ ಕಾರಣ ಕ್ಯಾಮೆರಾದ ವಯಸ್ಸು ಎಂದುಕೊಂಡಿದ್ದೆವು. ಲೆಕ್ಕ ಬೊಟ್ಟು ಮಾಡುವುದು ಅದರ ಮೂತಿಗಿರುವ ಕಿರಿದಾದ ಲೆನ್ಸಿನ ಕಡೆಗೆ.

ಲೆನ್ಸ್ ಏಕೆ, ಅದೇ ಹಣಕ್ಕೆ ಸ್ವಲ್ಪ ಸೇರಿಸಿ ಹೊಸ ಬಾಡಿಯನ್ನೇ ಕೊಳ್ಳಬಹುದಲ್ಲ ಎಂಬುದು ಮತ್ತೊಂದು ವಾದ. ಹೊಸ ಬಾಡಿಯಲ್ಲಿ ಫೋಕಸ್ ಚುರುಕು, ವಿಡಿಯೊ ಬಹಳ ಮುಂದೆ, ಎತ್ತರದ ಐಎಸ್‌ಒ ಶುದ್ಧ. ಇದನ್ನೆಲ್ಲ ಒಪ್ಪಲೇಬೇಕು. ಆದರೆ ಅಷ್ಟೇ ಅಳತೆಯ ಸೆನ್ಸರ್ ಹತ್ತು ಹದಿನೈದು ವರ್ಷಗಳಲ್ಲಿ ಕತ್ತಲಲ್ಲಿ ಎರಡು ಸ್ಟಾಪ್ ಸುಧಾರಿಸಿದೆ ಎಂದು ಉದಾರವಾಗಿ ಲೆಕ್ಕ ಹಿಡಿದರೂ, ಎಫ್/5.6ರಿಂದ ಎಫ್/1.8ಕ್ಕೆ ಹೋಗುವ ಲಾಭ ಅದಕ್ಕಿಂತ ಹೆಚ್ಚು. ಬೀಳದ ಬೆಳಕನ್ನು ಯಾವ ಸೆನ್ಸರ್ ಕೂಡ ದಾಖಲಿಸಲಾರದು. ಹೊಸ ಬಾಡಿಗೆ ಮತ್ತೆ ಕಿಟ್ ಲೆನ್ಸನ್ನೇ ಹಾಕಿದರೆ ಅರ್ಧ ಲಾಭ ಅಲ್ಲಿಯೇ ಸೋರಿಹೋಗುತ್ತದೆ. ವೃತ್ತಿಯಲ್ಲಿ ವಿಡಿಯೊ ಬೇಕಾದವರು, ಹಾರುವ ಹಕ್ಕಿಯ ಕಣ್ಣನ್ನು ಕ್ಯಾಮೆರಾವೇ ಹುಡುಕಿ ಹಿಡಿಯಬೇಕು ಎನ್ನುವವರು ಬಾಡಿ ಬದಲಿಸಲಿ. ಉಳಿದವರಿಗೆ ಮೊದಲ ಖರ್ಚು ಲೆನ್ಸಿನದಾಗುವುದೇ ನ್ಯಾಯ. ಐಎಸ್‌ಒ ಮಿತಿಯನ್ನು ಅವಮಾನವೆಂದು ಭಾವಿಸುವವರು ಇದನ್ನೂ ನೆನೆಯಬೇಕು: ಸ್ಲೈಡ್ ಫಿಲ್ಮುಗಳ ಕಾಲದಲ್ಲಿ ಐಎಸ್‌ಒ 64, 100 ಎಂಬುವು ದಿನಬಳಕೆಯ ಸಂಖ್ಯೆಗಳು. ಇ. ಹನುಮಂತರಾವ್, ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಫಿಲ್ಮಿನ ಆ ಯುಗದಲ್ಲಿ. ಐಎಸ್‌ಒ 1600ರಲ್ಲಿ ಬಣ್ಣದ ಚಿತ್ರವನ್ನು ಸರಾಗವಾಗಿ ಕೊಡುವ ಯಂತ್ರ ನಮ್ಮ ಬೀರುವಿನಲ್ಲಿದೆ.

ಮೂರನೆಯ ಎದುರುಮಾತು ಭವಿಷ್ಯದ್ದು. 2018ರಲ್ಲಿ ಕ್ಯಾನನ್ ಆರ್‌ಎಫ್ ಮೌಂಟ್‌ಗೆ, ನಿಕಾನ್ ಝಡ್ ಮೌಂಟ್‌ಗೆ ಹೊರಳಿದ ಮೇಲೆ ಕನ್ನಡಿಯುಳ್ಳ ಎಸ್‌ಎಲ್‌ಆರ್‌ಗಳ ದಾರಿ ಮುಗಿಯುತ್ತ ಬಂದಿದೆ. ಮುಗಿಯುವ ದಾರಿಗೆ ಹಣ ಹಾಕುವುದು ಜಾಣತನವೇ? ಮೊದಲನೆಯದಾಗಿ, ಜನ ಮಿರರ್‌ಲೆಸ್ ಕಡೆಗೆ ಹೋಗುತ್ತಿರುವುದರಿಂದಲೇ ಹಳೆಯ ಮೌಂಟಿನ ಒಳ್ಳೆಯ ಲೆನ್ಸ್‌ಗಳು ಸೆಕೆಂಡ್‌ಹ್ಯಾಂಡ್ ಪೇಟೆಗೆ ಬರುತ್ತಿವೆ, ಬೆಲೆ ಕೈಗೆಟಕುತ್ತಿದೆ. ಎರಡನೆಯದಾಗಿ, ಲೆನ್ಸು ಬಾಡಿಯೊಂದಿಗೆ ಸಾಯುವುದಿಲ್ಲ. ಕ್ಯಾನನ್‌ನ ಇಎಫ್ ಮತ್ತು ಇಎಫ್-ಎಸ್ ಲೆನ್ಸ್‌ಗಳು ಕಂಪನಿಯದೇ ಅಡಾಪ್ಟರ್ ಮೂಲಕ ಹೊಸ ಮಿರರ್‌ಲೆಸ್ ಬಾಡಿಗಳಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಫೋಕಸ್ ಮೋಟರ್ ಇಲ್ಲ. ಆದ್ದರಿಂದ ತನ್ನೊಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸ್ ಅಲ್ಲಿಯೂ ಫೋಕಸ್ ಮಾಡುತ್ತದೆ. ಬಾಡಿಯ ಮೋಟರನ್ನು ನೆಚ್ಚಿದ ಎಎಫ್-ಡಿ ಲೆನ್ಸನ್ನು ಕೈಯಿಂದ ತಿರುಗಿಸಬೇಕಾಗುತ್ತದೆ. ನಾಳೆಯ ಯೋಚನೆ ಇದ್ದವರು ಇಂದೇ ಇದನ್ನು ಗಮನಿಸಿ ಕೊಂಡರೆ ಹಣ ಪೋಲಾಗುವುದಿಲ್ಲ.

ದೂರ, ಅಗಲ, ಹತ್ತಿರ

ಬೆಳಕಿಗೆ ಮೊದಲ ಸ್ಥಾನ ಎಂಬ ಮಾತು ಎಲ್ಲ ಬಗೆಯ ಛಾಯಾಗ್ರಹಣಕ್ಕೂ ಒಂದೇ ತೂಕದಲ್ಲಿ ಅನ್ವಯಿಸುವುದಿಲ್ಲ. ಹಕ್ಕಿಗಳ ವಿಷಯ ಬೇರೆ. ರಂಗನತಿಟ್ಟಿನ ಬೆಳ್ಳಕ್ಕಿಯಾಗಲಿ, ದಾಂಡೇಲಿಯ ಮಂಗಟ್ಟೆಯಾಗಲಿ, ಫ್ರೇಮಿನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ನೇರವಾಗಿ ಫೋಕಲ್ ಲೆಂಗ್ತ್‌ಗೆ ಸಂಬಂಧಿಸಿದ್ದು. 200ರಿಂದ 300 ಮಿ.ಮೀ.ಗೆ ಹೋದರೆ ಹಕ್ಕಿ ಒಂದೂವರೆ ಪಟ್ಟು ದೊಡ್ಡದಾಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವವರು ಚಿತ್ರವನ್ನು ಕತ್ತರಿಸಿ ಈ ಕೊರತೆಯನ್ನು ಸ್ವಲ್ಪ ತುಂಬಿಕೊಳ್ಳಬಲ್ಲರು. 12 ಮೆಗಾಪಿಕ್ಸೆಲ್‌ನವರಿಗೆ ಕತ್ತರಿಸಲು ಅಷ್ಟು ಜಾಗವಿಲ್ಲ. ಅಗಲ ಎತ್ತರಗಳನ್ನು ಅರ್ಧಕ್ಕಿಳಿಸಿದರೆ ಉಳಿಯುವುದು ಮೂರು ಮೆಗಾಪಿಕ್ಸೆಲ್. ಹಾಗಾಗಿ ಹಕ್ಕಿಯೇ ಮುಖ್ಯವೆನ್ನುವವರಿಗೆ ಉದ್ದದ ಲೆನ್ಸ್ ಅನಿವಾರ್ಯ. ಅಲ್ಲಿಯೂ ಬೆಳಕಿನ ನಿಯಮ ಬಿಡುವುದಿಲ್ಲ. 300 ಮಿ.ಮೀ. ಎಫ್/5.6ಕ್ಕೆ ಸುಮಾರು 54 ಮಿ.ಮೀ. ಅಗಲದ ಬಾಯಿ ಬೇಕು, 500 ಮಿ.ಮೀ. ಎಫ್/5.6ಕ್ಕೆ ಸುಮಾರು 89 ಮಿ.ಮೀ. ತೂಕ, ಬೆಲೆ ಎರಡೂ ಏರುವುದು ಅದಕ್ಕೇ. ಆ ಕಾಲದ ಬಹುತೇಕ ಎಸ್‌ಎಲ್‌ಆರ್‌ಗಳ ಆಟೊಫೋಕಸ್ ರೂಪುಗೊಂಡಿರುವುದು ಎಫ್/5.6 ಅಥವಾ ಅದಕ್ಕಿಂತ ದೊಡ್ಡ ಅಪರ್ಚರ್‌ಗಾಗಿ. ಎಫ್/5.6 ಲೆನ್ಸಿಗೆ 1.4 ಪಟ್ಟಿನ ಟೆಲಿಕನ್ವರ್ಟರ್ ಸೇರಿಸಿದರೆ ಅದು ಎಫ್/8 ಆಗುತ್ತದೆ, ಫೋಕಸ್ ತಡಕಾಡುತ್ತದೆ ಅಥವಾ ನಿಂತೇಹೋಗುತ್ತದೆ. ಕಡಿಮೆ ಖರ್ಚಿನಲ್ಲಿ ದೂರವನ್ನು ಕೊಳ್ಳುವ ಈ ಉಪಾಯ ಹಳೆಯ ಬಾಡಿಯಲ್ಲಿ ಕೈಕೊಡುತ್ತದೆ. ನಿಕಾನ್‌ನ ಎಎಫ್-ಎಸ್ 300 ಮಿ.ಮೀ. ಎಫ್/4ಡಿ, ಕ್ಯಾನನ್‌ನ 400 ಮಿ.ಮೀ. ಎಫ್/5.6ಎಲ್ ಮುಂತಾದ ಹಳೆಯ ಪ್ರೈಮ್‌ಗಳು ಈಗಲೂ ಬೆಲೆ ಉಳಿಸಿಕೊಂಡಿರುವುದಕ್ಕೆ ಕಾರಣವಿದೆ: ಅವು ದೂರವನ್ನೂ ಬೆಳಕನ್ನೂ ಒಟ್ಟಿಗೆ ಕೊಡುತ್ತವೆ.

ದೇವಾಲಯದ ಒಳಗು, ಹಳೆಯ ತೊಟ್ಟಿಮನೆ, ಇಕ್ಕಟ್ಟಿನ ಬೀದಿ ತೆಗೆಯುವವರಿಗೆ 18 ಮಿ.ಮೀ. ಸಾಲದು. ಡಿ90ರ ಸೆನ್ಸರ್ ಫುಲ್‌ಫ್ರೇಮ್‌ಗಿಂತ 1.5 ಪಟ್ಟು ಕಿರಿದಾದ್ದರಿಂದ 18 ಮಿ.ಮೀ. ಅಲ್ಲಿ 27ರ ನೋಟ ಕೊಡುತ್ತದೆ. ಇಂಥವರಿಗೆ 10 ಅಥವಾ 11 ಮಿ.ಮೀ.ನಿಂದ ಶುರುವಾಗುವ ಜೂಮ್ ಹೊಸ ಲೋಕವನ್ನೇ ತೆರೆಯುತ್ತದೆ. ಟ್ರೈಪಾಡ್ ಬಿಡದ, ಫ್ಲಾಶ್ ಹೊಡೆಯಲಾಗದ ಜಾಗಗಳಲ್ಲಿ ಟೊಕಿನಾ 11–16 ಮಿ.ಮೀ. ಎಫ್/2.8ರಂಥ ಲೆನ್ಸಿನ ದೊಡ್ಡ ಅಪರ್ಚರ್ ಮತ್ತೆ ನೆರವಿಗೆ ಬರುತ್ತದೆ. ಮ್ಯಾಕ್ರೊ ಮಾತ್ರ ನನ್ನ ವಾದಕ್ಕೆ ನಿಜವಾದ ಅಪವಾದ. ಆಗುಂಬೆಯ ಕಪ್ಪೆಯ ಕಣ್ಣಿಗೋ ಜೇಡದ ಮೈಗೋ ಹತ್ತಿರ ಹೋದಾಗ ಫೋಕಸ್‌ನ ಆಳ ಮಿಲಿಮೀಟರ್‌ಗಿಳಿಯುತ್ತದೆ, ಎಫ್/11, ಎಫ್/16 ಬೇಕೇಬೇಕು. ಅಲ್ಲಿ ಬೆಳಕನ್ನು ನಾವೇ ಒಯ್ಯಬೇಕು. ಮ್ಯಾಕ್ರೊ ಲೆನ್ಸ್‌ಗಳು ಸಾಮಾನ್ಯವಾಗಿ ಎಲ್ಲವೂ ಶಾರ್ಪ್ ಆಗಿಯೇ ಇರುವುದರಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕ ಒಂದನ್ನು ಕೊಂಡು, ಉಳಿದ ಹಣವನ್ನು ಫ್ಲಾಶ್ ಮತ್ತು ಡಿಫ್ಯೂಸರ್‌ಗೆ ಹಾಕುವುದು ಮೇಲು. ಡಿ90ರ ಒಳಗಿನ ಪುಟ್ಟ ಫ್ಲಾಶ್, ಕ್ಯಾಮೆರಾದಿಂದ ಬೇರ್ಪಡಿಸಿ ಹಿಡಿದ ಹೊಂದಾಣಿಕೆಯ ಫ್ಲಾಶನ್ನು ತಂತಿಯಿಲ್ಲದೆ ನಿಯಂತ್ರಿಸಬಲ್ಲದು. ಅನೇಕರು ಈ ಸೌಲಭ್ಯವನ್ನು ತೆರೆದೇ ನೋಡಿರುವುದಿಲ್ಲ.

18–200, 18–300ರಂಥ ‘ಒಂದೇ ಲೆನ್ಸ್ ಸಾಕು’ ಎನ್ನುವ ಜೂಮ್‌ಗಳು ಪ್ರಯಾಣದಲ್ಲಿ ಅನುಕೂಲವೇ. ಆದರೆ ಹಳೆಯ ಬಾಡಿಗೆ ಮೊದಲ ಅಪ್‌ಗ್ರೇಡ್ ಆಗಿ ಅವನ್ನು ಕೊಂಡರೆ ಕಿಟ್ ಲೆನ್ಸಿನ ಕತ್ತಲನ್ನೇ ಇನ್ನಷ್ಟು ಉದ್ದಕ್ಕೆ ಎಳೆದಂತೆ. ಮದುವೆ, ಸಭೆ, ಸಮಾರಂಭ ತೆಗೆಯುವವರಿಗೆ ಜೂಮ್ ಬೇಕೇಬೇಕೆಂದರೆ ಟಾಮ್ರಾನ್ 17–50 ಎಫ್/2.8, ಕ್ಯಾನನ್ ಇಎಫ್-ಎಸ್ 17–55 ಎಫ್/2.8 ಇವೆ. ಉದ್ದದ ತುದಿಯಲ್ಲಿ ಇವು ಕಿಟ್ ಲೆನ್ಸಿನ ನಾಲ್ಕು ಪಟ್ಟು ಬೆಳಕು ಕೊಡುತ್ತವೆ. ಉಳಿದವರಿಗೆ ಮೊದಲ ಹೆಜ್ಜೆಯಾಗಿ ನಿಕಾನ್‌ನಲ್ಲಿ 35 ಮಿ.ಮೀ. ಎಫ್/1.8 ಡಿಎಕ್ಸ್, ಕ್ಯಾನನ್‌ನಲ್ಲಿ 50 ಮಿ.ಮೀ. ಎಫ್/1.8 ಎಸ್‌ಟಿಎಂ ಸಾಕು. ಇವೆರಡೂ ಆಯಾ ಕಂಪನಿಯ ಅಗ್ಗದ ಲೆನ್ಸ್‌ಗಳ ಸಾಲಿನಲ್ಲೇ ಇರುವಂಥವು. ಮನೆಯೊಳಗೆ, ಬೀದಿಯಲ್ಲಿ ಹೆಚ್ಚು ತೆಗೆಯುವವರಿಗೆ 35 ಹಿತ, ಏಕೆಂದರೆ ಡಿ90ರಲ್ಲಿ ಅದರ ನೋಟ ಫುಲ್‌ಫ್ರೇಮಿನ 52 ಮಿ.ಮೀ.ಗೆ ಹತ್ತಿರ. 50 ಮಿ.ಮೀ. ಅದೇ ಬಾಡಿಯಲ್ಲಿ 75ರ, ಕ್ಯಾನನ್‌ನಲ್ಲಿ 80ರ ನೋಟ ಕೊಡುತ್ತದೆ. ಮುಖಚಿತ್ರಕ್ಕೆ, ರಂಗಕ್ಕೆ ಅದು ಒಪ್ಪುತ್ತದೆ, ಸಣ್ಣ ಕೋಣೆಗೆ ಇಕ್ಕಟ್ಟು.

ಬಾಡಿ ಒಪ್ಪುವ ಲೆನ್ಸ್ ಯಾವುದು?

ಹಳೆಯ ಕ್ಯಾಮೆರಾ ಇರುವವರು ಹೆಚ್ಚು ಎಡವುವುದು ಇಲ್ಲಿ. ನಿಕಾನ್‌ನ ಎಫ್ ಮೌಂಟ್ 1959ರಿಂದ ಒಂದೇ ಆಕಾರದ್ದು. ಯಾವ ಲೆನ್ಸ್ ಬೇಕಾದರೂ ಕೂರುತ್ತದೆ ಎಂಬ ಧೈರ್ಯ ಅದರಿಂದ ಹುಟ್ಟುತ್ತದೆ. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ. ಡಿ90, ಡಿ7000 ಮುಂತಾದ ಬಾಡಿಗಳೊಳಗೆ ಫೋಕಸ್ ಮೋಟರ್ ಇದೆ, ಆದ್ದರಿಂದ ಹಳೆಯ ಎಎಫ್-ಡಿ ಲೆನ್ಸ್‌ಗಳು ಅವುಗಳಲ್ಲಿ ತಾವೇ ಫೋಕಸ್ ಆಗುತ್ತವೆ. ಡಿ40, ಡಿ60, ಡಿ3000, ಡಿ5000ರ ಸಾಲಿನ ಬಾಡಿಗಳಲ್ಲಿ ಆ ಮೋಟರ್ ಇಲ್ಲ. ಅವುಗಳ ಮೇಲೆ ಎಎಫ್ 50 ಮಿ.ಮೀ. ಎಫ್/1.8ಡಿಯನ್ನಾಗಲಿ, ಟೊಕಿನಾ 11–16ರ ಮೊದಲ ಆವೃತ್ತಿಯನ್ನಾಗಲಿ ಹಾಕಿದರೆ ಫೋಕಸ್ ಕೈಯಿಂದಲೇ ಮಾಡಬೇಕು. ಹೊಸದಾದಷ್ಟೂ ಒಳ್ಳೆಯದು ಎಂಬ ಎಣಿಕೆಯೂ ತಲೆಕೆಳಗಾಗುತ್ತದೆ. 2016ರಲ್ಲಿ ಬಂದ ಎಎಫ್-ಪಿ ಜೂಮ್‌ಗಳು ಡಿ90, ಡಿ3100, ಡಿ5100ರಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ. 2015ರ ಜನಪ್ರಿಯ 200–500 ಎಫ್/5.6ಇ ಲೆನ್ಸಿನಲ್ಲಿ ಅಪರ್ಚರ್ ವಿದ್ಯುತ್ ಸಂಕೇತದಿಂದ ಚಲಿಸುತ್ತದೆ. ಡಿ3100, ಡಿ7000 ಅದನ್ನು ಅರ್ಥಮಾಡಿಕೊಳ್ಳುತ್ತವೆ, ಡಿ90 ಮಾಡಿಕೊಳ್ಳುವುದಿಲ್ಲ. ಹೆಸರಿನ ಕೊನೆಯ ‘ಇ’ ಅಕ್ಷರವನ್ನು ಗಮನಿಸದೆ ಕೊಂಡರೆ ದೊಡ್ಡ ಮೊತ್ತವೇ ಕೈತಪ್ಪುತ್ತದೆ.

ಕ್ಯಾನನ್‌ನವರ ಪಾಡು ಸುಲಭ. 1987ರಲ್ಲಿ ಕಂಪನಿ ತನ್ನ ಹಳೆಯ ಎಫ್‌ಡಿ ಮೌಂಟನ್ನು ಬಿಟ್ಟು, ಫೋಕಸ್, ಅಪರ್ಚರ್ ಎರಡನ್ನೂ ವಿದ್ಯುತ್ ಸಂಪರ್ಕದಿಂದಲೇ ನಡೆಸುವ ಇಎಫ್ ಮೌಂಟ್ ತಂದಿತು. ಆಗ ಹಳೆಯ ಗ್ರಾಹಕರಿಗೆ ಕಹಿಯಾಗಿದ್ದ ಆ ತೀರ್ಮಾನದ ಫಲವಾಗಿ, ಅಂದಿನಿಂದ ಇಂದಿನವರೆಗಿನ ಕ್ಯಾನನ್ ಇಎಫ್ ಲೆನ್ಸ್‌ಗಳು 1100ಡಿಯಂಥ ಅಗ್ಗದ ಬಾಡಿಯ ಮೇಲೂ ಕೆಲಸ ಮಾಡುತ್ತವೆ. ಎಚ್ಚರ ಬೇಕಿರುವುದು ಎರಡು ಕಡೆ. ಇಎಫ್-ಎಸ್ ಲೆನ್ಸ್‌ಗಳು ಕಿರಿಯ ಸೆನ್ಸರ್‌ನ ಬಾಡಿಗಳಿಗೆ ಮಾತ್ರ. 5ಡಿಯಂಥ ಫುಲ್‌ಫ್ರೇಮ್ ಬಾಡಿಗೆ ಕೂರುವುದಿಲ್ಲ. ಫಿಲ್ಮ್ ಕಾಲದ ಕೆಲವು ಸಿಗ್ಮಾ ಲೆನ್ಸ್‌ಗಳು ಡಿಜಿಟಲ್ ಇಒಎಸ್ ಮೇಲೆ ಎರರ್ ತೋರಿಸಿ ನಿಲ್ಲುತ್ತವೆ. ಎರಡೂ ಕಂಪನಿಯವರಿಗೆ ಅನ್ವಯಿಸುವ ಮಾತು ಇನ್ನೊಂದು: ದೊಡ್ಡ ಅಪರ್ಚರ್ ಲೆನ್ಸ್ ಕೆಲವೊಮ್ಮೆ ಕಣ್ಣಿಗಿಟ್ಟ ಫೋಕಸನ್ನು ಕಿವಿಗೆ ಹಾಕುತ್ತದೆ. ಅದನ್ನು ತಿದ್ದಿಕೊಳ್ಳುವ ಸೌಲಭ್ಯ ಡಿ7000, 7ಡಿಯಂಥ ಬಾಡಿಗಳಲ್ಲಿದೆ. ಡಿ90, 550ಡಿ, 1100ಡಿಗಳಲ್ಲಿ ಇಲ್ಲ. ಆದ್ದರಿಂದ ಲೆನ್ಸನ್ನು ನಿಮ್ಮದೇ ಬಾಡಿಯ ಮೇಲೆ, ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಪರೀಕ್ಷಿಸದೆ ಹಣ ಕೊಡಬಾರದು. ನಿಂತ ವಸ್ತುವಾದರೆ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಈ ದೋಷವನ್ನು ದಾಟಬಹುದು.

ಬೂಷ್ಟು, ಟಾರ್ಚು ಮತ್ತು ವೃತ್ತಪತ್ರಿಕೆ

ಹಳೆಯ ಬಾಡಿಗೆ ಸೆಕೆಂಡ್‌ಹ್ಯಾಂಡ್ ಲೆನ್ಸೇ ಸರಿಯಾದ ಜೋಡಿ, ನೋಡಿ ಕೊಳ್ಳುವ ತಾಳ್ಮೆ ಇದ್ದರೆ. ಕರಾವಳಿ, ಮಲೆನಾಡುಗಳಲ್ಲಿ ಲೆನ್ಸಿನ ದೊಡ್ಡ ಶತ್ರು ತೇವ. ಮಳೆಗಾಲವಿಡೀ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ, ಗಾಜಿನ ಲೇಪನವನ್ನೇ ತಿನ್ನುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಬೆಲೆ ಎಷ್ಟೇ ಇಳಿದರೂ ಬಿಟ್ಟುಬಿಡುವುದು ಒಳಿತು. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಿಲ್ಲ, ಚಿತ್ರದಲ್ಲಿ ಅವು ಕಾಣಿಸುವುದಿಲ್ಲ. ಅಪರ್ಚರ್‌ನ ಎಸಳುಗಳ ಮೇಲೆ ಎಣ್ಣೆಯ ಹೊಳಪು ಇದೆಯೇ, ಜೂಮ್ ರಿಂಗ್ ಸಡಿಲವಾಗಿದೆಯೇ, ಹತ್ತಿರದಿಂದ ದೂರಕ್ಕೆ ಫೋಕಸ್ ತಡವರಿಸದೆ ಹೋಗುತ್ತದೆಯೇ ಎಂದು ನೋಡಿ. ಆಮೇಲೆ ಗೋಡೆಗೆ ಒಂದು ವೃತ್ತಪತ್ರಿಕೆಯ ಹಾಳೆ ಅಂಟಿಸಿ, ನೇರ ಎದುರಿಗೆ ನಿಂತು, ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಚಿತ್ರ ತೆಗೆದು ನಾಲ್ಕು ಮೂಲೆಗಳನ್ನು ಹಿಗ್ಗಿಸಿ ನೋಡಿ. ನಾಲ್ಕೂ ಸಮನಾಗಿ ಸ್ವಲ್ಪ ಮಸುಕಾದರೆ ಅದು ಲೆನ್ಸಿನ ಸಹಜ ಗುಣ. ಒಂದೇ ಮೂಲೆ ಹೆಚ್ಚು ಮಸುಕಾದರೆ ಒಳಗಿನ ಗಾಜು ಅಲುಗಿದೆ, ಲೆನ್ಸ್ ಎಂದೋ ಬಿದ್ದಿರಬಹುದು. ಕೊಂಡ ಮೇಲೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ಆರ್ದ್ರತಾಮಾಪಕ ಇಷ್ಟಿದ್ದರೆ ಸಾಕು. ಆರ್ದ್ರತೆ ಶೇ 40ರಿಂದ 50ರ ಆಸುಪಾಸಿನಲ್ಲಿರಲಿ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ರೂಪಾಯಿಯೂ ಬೇಡ. ನೀವೇ ತೆಗೆದ, ನಿಮಗೆ ಹಿಡಿಸದ ನೂರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರತಿ ಚಿತ್ರದೊಳಗೆ ದಾಖಲಾಗಿರುವ ಐಎಸ್‌ಒ, ಶಟರ್ ವೇಗ, ಫೋಕಲ್ ಲೆಂಗ್ತ್ ನೋಡಿ. ಶಟರ್ 1/60ಕ್ಕಿಂತ ನಿಧಾನ, ಐಎಸ್‌ಒ 1600ಕ್ಕಿಂತ ಮೇಲೆ ಎಂಬ ಚಿತ್ರಗಳೇ ಹೆಚ್ಚಿದ್ದರೆ ಬೇಕಿರುವುದು ಎಫ್/1.8. ಜೂಮ್ ಯಾವಾಗಲೂ ಉದ್ದದ ತುದಿಗೆ ತಾಗಿ ನಿಂತಿದ್ದು, ಚಿತ್ರವನ್ನು ಮತ್ತೂ ಕತ್ತರಿಸಿದ್ದರೆ ಬೇಕಿರುವುದು ದೂರ. 18ಕ್ಕೇ ಅಂಟಿಕೊಂಡಿದ್ದರೆ ಬೇಕಿರುವುದು ಅಗಲ. ಐಎಸ್‌ಒ 200, ಎಫ್/8, ಒಳ್ಳೆಯ ಹಗಲು ಎಲ್ಲ ಇದ್ದೂ ಚಿತ್ರ ಹಿಡಿಸದಿದ್ದರೆ ಕೊರತೆ ಲೆನ್ಸಿನದಲ್ಲ. ಆಗ ಬದಲಾಗಬೇಕಾದದ್ದು ನಿಲ್ಲುವ ಜಾಗ, ಹೋಗುವ ಹೊತ್ತು. ಈ ವಿಂಗಡಣೆಯನ್ನು ಪ್ರಾಮಾಣಿಕವಾಗಿ ಮಾಡಿದ ಕುಟುಂಬ ಛಾಯಾಗ್ರಾಹಕರಲ್ಲಿ, ರಂಗದ ಆಸಕ್ತರಲ್ಲಿ, ಬೀದಿ ಸುತ್ತುವವರಲ್ಲಿ ಹೆಚ್ಚಿನವರಿಗೆ ಮೊದಲ ಗುಂಪೇ ದೊಡ್ಡದಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ. ಅವರ ಕೈಲಿರುವ ಕಿಟ್ ಲೆನ್ಸಿನ ಸ್ವಭಾವವೇ ಅಂಥದ್ದು. ಅಂಥವರು ಅಂಗಡಿಯಲ್ಲಿ ದೊಡ್ಡ ಡಬ್ಬಿಯನ್ನು ಬದಿಗಿಟ್ಟು ಸಣ್ಣ ಪ್ರೈಮ್ ಲೆನ್ಸನ್ನು ಕೇಳಲಿ, ಒಂದು ಮಳೆಗಾಲ, ಒಂದು ಜಾತ್ರೆಯ ಕಾಲ ಅದೊಂದರಲ್ಲೇ ತೆಗೆಯಲಿ. ಎರಡನೆಯ ಲೆನ್ಸ್ ಯಾವುದಿರಬೇಕು ಎಂಬುದನ್ನು ಆ ಚಿತ್ರಗಳೇ ನಿರ್ಧರಿಸಿಕೊಡುತ್ತವೆ. ಅಷ್ಟರಲ್ಲಿ ಬಹಳ ಜನರಿಗೆ ಎರಡನೆಯದರ ಆತುರವೂ ಇಳಿದಿರುತ್ತದೆ.